ಹೆಂಚು ಇಳಿಸುವ ಮೊದಲು ಅಟ್ಟ ಹತ್ತಿ ನೋಡಿ

ಮಾನ್ಯ ಸಂಪಾದಕರೇ,

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಶಿವಮೊಗ್ಗದ ಕೋಟೆ, ಗಾಂಧಿಬಜಾರ್, ದುರ್ಗಿಗುಡಿ ಆಸುಪಾಸಿನ ಹಳೆಯ ಮನೆಗಳಲ್ಲಿ, ತೀರ್ಥಹಳ್ಳಿ, ಸಾಗರ, ಹೊಸನಗರದ ಪೇಟೆಬೀದಿಗಳಲ್ಲಿ ಬಕೆಟ್ಟು, ಪಾತ್ರೆ, ತಪ್ಪಲೆಗಳು ನಡುಮನೆಗೆ ಬರುತ್ತವೆ. ನೋಡಲು ಬಂದವರು ಅಂಗಳದಲ್ಲೇ ನಿಂತು ತಲೆ ಎತ್ತಿ, ‘ಹೆಂಚಿನ ಆಯಸ್ಸು ಮುಗೀತು, ಎಲ್ಲ ಇಳಿಸಿ ಶೀಟು ಹೊದಿಸಿಬಿಡಿ’ ಎಂದು ಹೇಳಿ ಹೋಗುತ್ತಾರೆ. ಮನೆಯವರಿಗೂ ಬೇಸತ್ತು ಹೋಗಿರುತ್ತದೆ. ಒಂದೆರಡು ದಿನದಲ್ಲಿ ಹೆಂಚು ಕೆಳಗಿಳಿದು, ಅರ್ಧಕ್ಕರ್ಧ ಒಡೆದು, ಲಾರಿ ಸೇರಿ ಯಾವುದೋ ಹಳ್ಳ ತುಂಬುತ್ತದೆ. ಹೀಗೆ ಇಳಿಯುವ ಮಾಡುಗಳಲ್ಲಿ (ಇಳಿಜಾರು ಚಾವಣಿಗಳಲ್ಲಿ) ಬಹಳಷ್ಟು ಇನ್ನೂ ಮೂವತ್ತು ನಲವತ್ತು ವರ್ಷ ಬಾಳುವಂಥವು. ಆದ್ದರಿಂದ ಈ ಪತ್ರ. ಉದ್ದವಾಗಿದೆ ಎಂದು ಕತ್ತರಿಸದೆ ಪ್ರಕಟಿಸಬೇಕೆಂದು ಕೋರಿಕೆ. ಇಲ್ಲಿರುವ ಅಳತೆಗಳು ಮನೆಯವರ ಕೈಗೆ ಸಿಗಬೇಕು.

ಚೆನ್ನಾಗಿ ಬೆಂದ ಮಂಗಳೂರು ಹೆಂಚು ಸುಲಭಕ್ಕೆ ಸಾಯುವುದಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಮುದ್ರೆ ಹೊತ್ತ ಹೆಂಚುಗಳು ಘಟ್ಟದ ಮೇಲಿನ ಮನೆಗಳಲ್ಲಿ ಇವತ್ತಿಗೂ ನೀರು ತಡೆಯುತ್ತಿವೆ. ಮಾಡಿನಲ್ಲಿ ಮೊದಲು ಕೆಡುವುದು ರೀಪು (ಹೆಂಚು ಕೂರುವ ಅಡ್ಡಪಟ್ಟಿ), ಆಮೇಲೆ ಮೊಳೆ, ಎರಡು ಇಳಿಜಾರು ಮೇಲೆ ಕೂಡುವ ನೆತ್ತಿಯ ಗಾರೆ, ಮಾಡು ಮಾಡು ಕೂಡುವ ಒಳಮೂಲೆಯ ತಗಡು, ಗೋಡೆಯ ಮೇಲೆ ಕೂತ ಪಕಾಸಿಯ (ರೀಪನ್ನು ಹೊರುವ ಇಳಿಜಾರು ಮರದ) ತುದಿ. ಇವು ಕೆಟ್ಟಾಗ ಹೆಂಚು ಜಾಗ ಬಿಟ್ಟು ಸರಿಯುತ್ತದೆ, ಸೋರುತ್ತದೆ. ದೂರು ಮಾತ್ರ ಹೆಂಚಿನ ಮೇಲೆ ಬೀಳುತ್ತದೆ.

ಹನಿ ಬೀಳುವ ಜಾಗವೇ ಸೋರುವ ಜಾಗ ಎಂದುಕೊಳ್ಳುವುದು ಮೊದಲ ತಪ್ಪು. ಹೆಂಚಿನಡಿ ನುಸುಳಿದ ನೀರು ರೀಪಿನ ಮೇಲೆ ಅಡ್ಡ ಹರಿಯುತ್ತದೆ, ಪಕಾಸಿ ಸಿಕ್ಕರೆ ಅದರ ಹೊಟ್ಟೆ ಹಿಡಿದು ಇಳಿಯುತ್ತದೆ, ಎಲ್ಲೋ ಒಂದು ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಆರೆಂಟು ಅಡಿ ದೂರದಲ್ಲಿ ಬಿದ್ದರೂ ಆಶ್ಚರ್ಯವಿಲ್ಲ. ಬಿಸಿಲಿನ ಮಧ್ಯಾಹ್ನ ಅಟ್ಟ ಹತ್ತಿ, ಕೆಳಗಿನ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದುವ ತನಕ ಕಾದು ನೋಡಿ. ಹೆಂಚು ಹೆಂಚಿನ ನಡುವೆ ತೆಳ್ಳಗೆ ಬೆಳಕು ಕಾಣುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ನಾಣ್ಯದಷ್ಟು ಬೆಳಕು, ಅಥವಾ ಒಂದೇ ಸಾಲಿನುದ್ದಕ್ಕೂ ಅಗಲವಾದ ಬಿರುಕು ಕಂಡರೆ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮರದ ಮೇಲಿನ ಕಪ್ಪು ಕಲೆ ಹಳೆಯ ಸೋರಿಕೆಯ ದಾರಿ. ಬಿಳಿ ಬೂಷ್ಟು ಕಂಡರೆ ಮರ ಈಗಲೂ ತೇವವಾಗಿದೆ ಎಂದರ್ಥ. ಇಷ್ಟಕ್ಕೂ ತಿಳಿಯದಿದ್ದರೆ ಪೈಪಿನಲ್ಲಿ ನೀರು ಬಿಟ್ಟು ನೋಡಬೇಕು. ಸೂರಿನಿಂದ ಶುರುಮಾಡಿ, ಎರಡೆರಡು ಸಾಲಿಗೆ ಐದೈದು ನಿಮಿಷದಂತೆ ಮೇಲಕ್ಕೆ ಹೋಗಬೇಕು. ನೆತ್ತಿಯಿಂದ ನೀರು ಬಿಟ್ಟರೆ ಇಡೀ ಇಳಿಜಾರು ಒದ್ದೆಯಾಗುತ್ತದೆ, ಎಲ್ಲಿ ಇಳಿಯಿತೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಆಮೇಲೆ ಮರ. ಒಂದು ಸಾದಾ ಸ್ಕ್ರೂಡ್ರೈವರ್ ಸಾಕು. ಪಕಾಸಿ ಗೋಡೆಯ ಮೇಲೆ ಕೂರುವ ತುದಿಯನ್ನೇ ಮೊದಲು ಚುಚ್ಚಿ ನೋಡಿ, ಯಾಕೆಂದರೆ ಕೊಳೆತ ಶುರುವಾಗುವುದು ಅಲ್ಲೇ. ಇಲಿ, ಹಾವು ಬರಬಾರದೆಂದು ಆ ಸಂದನ್ನು ಸಿಮೆಂಟಿನಿಂದ ಮೆತ್ತಿಬಿಟ್ಟಿರುತ್ತಾರೆ. ಒಳಗೆ ಹೋದ ತೇವಕ್ಕೆ ಹೊರಬರಲು ದಾರಿಯಿಲ್ಲ. ಮೊನೆ ಅರ್ಧ ಇಂಚು ಸಲೀಸಾಗಿ ಇಳಿದರೆ ಆ ತುದಿಯನ್ನು ನಂಬುವಂತಿಲ್ಲ. ಹಾಗೆಂದು ಇಡೀ ಪಕಾಸಿ ಕಿತ್ತುಹಾಕಬೇಕಿಲ್ಲ. ಅಷ್ಟೇ ಎತ್ತರದ ಹೊಸ ತುಂಡನ್ನು ಪಕ್ಕಕ್ಕೆ ಜೋಡಿಸಿ, ಗಟ್ಟಿ ಮರದ ಮೇಲೆ ಕನಿಷ್ಠ ನಾಲ್ಕು ಅಡಿ ಹಾಯಿಸಿ, 10 ಅಥವಾ 12 ಮಿ.ಮೀ. ಬೋಲ್ಟು ನಾಲ್ಕನ್ನು ಒಂದು ಮೇಲೆ ಒಂದು ಕೆಳಗೆ ಬರುವಂತೆ ಬಿಗಿದರೆ ಸಾಕು. ಬರೀ ಮೊಳೆ ಹೊಡೆದ ಜೋಡಣೆ ಒಂದೆರಡು ಮಳೆಗಾಲದಲ್ಲಿ ಸಡಿಲಾಗುತ್ತದೆ. ಹೊನ್ನೆ, ಮತ್ತಿ, ಭೋಗಿಯಂಥ ಮರದ ಹಳೆಯ ಪಕಾಸಿಗಳ ಹೊರಮೈ ಕಂದಿ ಸೀಳಿದಂತೆ ಕಂಡರೂ ತಿರುಳು ಕಲ್ಲಿನಂತಿರುತ್ತದೆ. ಚುಚ್ಚಿ ನೋಡದೆ ‘ಮರ ಹಾಳಾಗಿದೆ’ ಎನ್ನುವವರ ಮಾತು ಕೇಳಬೇಡಿ. ಅಂಥ ಮರ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಮರದ ಬಗ್ಗೆ ಹೇಳುವಾಗ ಹೊಗೆಯ ಮಾತೂ ಹೇಳಬೇಕು. ಒಲೆ, ಬಚ್ಚಲ ಹಂಡೆಯ ಹೊಗೆ ದಿನವೂ ಅಟ್ಟ ತುಂಬಿ ಹೆಂಚಿನ ಸಂದಿನಿಂದ ಹೋಗುತ್ತಿದ್ದ ಕಾಲದಲ್ಲಿ ಮರ ಒಣಗಿರುತ್ತಿತ್ತು, ಹುಳ ಕೂರುತ್ತಿರಲಿಲ್ಲ. ಗ್ಯಾಸು, ಗೀಸರ್ ಬಂದು ಹೊಗೆ ನಿಂತಿತು. ಅದು ಒಳ್ಳೆಯದೇ, ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಗಾಳಿಗಾದರೂ ಒಪ್ಪಿಸಬೇಕಿತ್ತು. ನಾವು ಮಾಡಿದ್ದು ತದ್ವಿರುದ್ಧ: ಕೆಳಗೆ ಪಿವಿಸಿ ಸೀಲಿಂಗ್ ಹೊಡೆದು ಅಟ್ಟವನ್ನು ಮುಚ್ಚಿದ ಡಬ್ಬಿ ಮಾಡಿದೆವು. ಈಗ ಸೋರಿದರೂ ಕಾಣುವುದಿಲ್ಲ, ಗೆದ್ದಲು ಹತ್ತಿದರೂ ಕಾಣುವುದಿಲ್ಲ. ಸೀಲಿಂಗ್ ಬೇಕೇ ಬೇಕೆಂದರೆ ಎರಡು ತುದಿಯ ತ್ರಿಕೋನದ ಗೋಡೆಗೆ ಜಾಲರಿ ಹೊಡೆದ ಗಾಳಿಕಿಂಡಿ ಇಡಿ, ಮನುಷ್ಯ ಹತ್ತುವಷ್ಟು ದೊಡ್ಡ, ಎರಡಡಿ ಚೌಕದ ಬಾಗಿಲು ಬಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಟಾರ್ಚು ಹಿಡಿದು ಹತ್ತಿ. ಹೊಸ ಮರಕ್ಕೆ ಗೇರೆಣ್ಣೆ ಬಳಿಯುವ ಪದ್ಧತಿ ಈಗಲೂ ಒಳ್ಳೆಯದೇ, ಆದರೆ ಅದು ಚರ್ಮ ಸುಡುತ್ತದೆ. ಕೈಗವಸು ಇಲ್ಲದೆ ಮುಟ್ಟಬಾರದು. ಬಳಿಯುವುದು ರೀಪು ಹೊಡೆಯುವ ಮೊದಲು, ನಾಲ್ಕೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ತುದಿಗಳಿಗೆ. ಹೊಡೆದ ಮೇಲೆ ಕೆಳಗಿನಿಂದ ಬಳಿದರೆ ಹೆಂಚು ಕೂರುವ ಮುಖವೇ ಬಿಟ್ಟುಹೋಗುತ್ತದೆ.

ರೀಪಿನ ಅಂತರದ ವಿಷಯಕ್ಕೆ ಬರೋಣ. ಹೆಚ್ಚಿನ ದುರಸ್ತಿಗಳು ಕೆಡುವುದು ಇಲ್ಲೇ. ಮಂಗಳೂರು ಹೆಂಚು ಸುಮಾರು 16 ಇಂಚು ಉದ್ದ, ಒಂಬತ್ತೂಕಾಲು ಇಂಚು ಅಗಲ. ಮೇಲಿನದು ಕೆಳಗಿನದರ ಮೇಲೆ ಮೂರರಿಂದ ಮೂರೂವರೆ ಇಂಚು ಕೂರಬೇಕು. ಆದ್ದರಿಂದ ರೀಪಿನಿಂದ ರೀಪಿಗೆ ಸುಮಾರು ಹನ್ನೆರಡೂವರೆ ಇಂಚು. ‘ಸುಮಾರು’ ಎಂದದ್ದಕ್ಕೆ ಕಾರಣವಿದೆ: ಪ್ರತಿ ಕಾರ್ಖಾನೆಯ ಅಚ್ಚು ಬೇರೆ. ಹಳೆಯ ರೀಪಿನ ಮೇಲೆ ಬೇರೆ ಕಾರ್ಖಾನೆಯ ಹೊಸ ಹೆಂಚು ತಂದಿಟ್ಟರೆ ಸಾಲಿಗೆ ಕಾಲು ಇಂಚಿನಂತೆ ವ್ಯತ್ಯಾಸ ಬಂದರೂ ಹದಿನಾಲ್ಕು ಸಾಲಿಗೆ ಮೂರೂವರೆ ಇಂಚು. ಅಂದರೆ ಒಂದು ಇಡೀ ಮೇಲ್ಹೊದಿಕೆಯಷ್ಟು. ಕೆಳಗೆ ಸರಿಯಾಗಿ ಕೂತದ್ದು ಮೇಲೆ ಹೋಗುತ್ತ ಎದ್ದು ನಿಲ್ಲುತ್ತದೆ, ಇಲ್ಲವೇ ಮೂಗು (ಕೆಳತುದಿ) ಮಾತ್ರ ತಗುಲಿಸಿಕೊಂಡು ನೇತಾಡುತ್ತದೆ. ಸರಿಯಾದ ಅಳತೆ ತೆಗೆಯಲು ಹನ್ನೊಂದು ಹೆಂಚನ್ನು ನೆಲದ ಮೇಲೆ ಬೋರಲಾಗಿ ಒಂದಕ್ಕೊಂದು ಸಿಕ್ಕಿಸಿ ಇಡಿ. ಮೊದಲು ಪೂರ್ತಿ ಎಳೆದು ಮೊದಲ ಹೆಂಚಿನ ಮೂಗಿನಿಂದ ಕೊನೆಯ ಹೆಂಚಿನ ಮೂಗಿಗೆ ಅಳೆಯಿರಿ, ಆಮೇಲೆ ಪೂರ್ತಿ ಒತ್ತಿ ಅಳೆಯಿರಿ. ಎರಡನ್ನೂ ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ನಿಮ್ಮ ಹೆಂಚಿನ ರೀಪಿನ ಅಂತರ ಬಂತು. ಬಡಗಿ ಅಷ್ಟುದ್ದದ ಒಂದು ಅಳತೆಕೋಲು ಕತ್ತರಿಸಿಕೊಂಡು ಅದರಲ್ಲೇ ಹೊಡೆಯಬೇಕು, ಟೇಪಿನಲ್ಲಿ ಪ್ರತಿ ಸಲ ಅಳೆಯುತ್ತ ಹೋದರೆ ತಪ್ಪು ಕೂಡುತ್ತ ಹೋಗುತ್ತದೆ.

ಸೂರಿನ ಕೊನೆಯ ರೀಪು ಉಳಿದವುಗಳಿಗಿಂತ ಮುಕ್ಕಾಲರಿಂದ ಒಂದು ಇಂಚು ಎತ್ತರವಿರಬೇಕು. ಮೇಲಿನ ಸಾಲುಗಳ ಪ್ರತಿ ಹೆಂಚಿಗೂ ಕೆಳಗಿನ ಹೆಂಚಿನ ಮೇಲ್ಮೈ ಆಸರೆ. ಸೂರಿನ ಹೆಂಚಿಗೆ ಅದಿಲ್ಲ. ಎತ್ತರ ಕೊಡದಿದ್ದರೆ ಮೊದಲ ಸಾಲು ಮೂಗು ಕೆಳಗೆ ಮಾಡಿ ಬಾಗುತ್ತದೆ, ಎರಡನೆಯ ಸಾಲಿನ ಅಡಿ ಬಾಯಿ ತೆರೆಯುತ್ತದೆ, ಎರಚಲು ನೇರ ಒಳಗೆ. ಹಳೆಯ ಮೇಸ್ತ್ರಿಗಳು ಎರಡು ರೀಪು ಒಂದರ ಮೇಲೊಂದು ಹೊಡೆಯುತ್ತಿದ್ದುದು ಇದಕ್ಕೇ. ಹಾಗೆಯೇ ಕೆಟ್ಟ ನಾಲ್ಕು ರೀಪು ಮಾತ್ರ ಬದಲಿಸುವಾಗ ಹೊಸದನ್ನು ಹಳೆಯದರ ದಪ್ಪಕ್ಕೆ ಉಜ್ಜಿ ಹೊಡೆಯಬೇಕು. ಅರ್ಧ ಸೂತ (ಇಂಚಿನ ಹದಿನಾರನೇ ಒಂದು ಭಾಗ) ಎತ್ತರವಾದರೂ ಅಲ್ಲಿನ ಸಾಲು ಕುಣಿಯುತ್ತದೆ.

ಇಳಿಜಾರು ಮತ್ತೊಂದು. ಶಿವಮೊಗ್ಗ ಪಟ್ಟಣದ ಮಳೆಗೂ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಆಗುಂಬೆಯ ಮಳೆಗೂ ಹೋಲಿಕೆಯೇ ಇಲ್ಲ. ಅಡ್ಡ ಹತ್ತು ಅಡಿಗೆ ಎತ್ತರ ಆರು ಅಡಿ ಬಯಲುಸೀಮೆಯ ಅಂಚಿನ ಊರುಗಳಿಗೆ ನಡೆಯುತ್ತದೆ. ಘಟ್ಟದ ಅಂಚಿಗೆ ಏಳು ಅಡಿಗಿಂತ ಕಡಿಮೆ ಬೇಡ. ಮರ ಉಳಿಸಲು ಐದು ಅಡಿಗೆ ಇಳಿಸಿದ ಹೊಸ ಮಾಡುಗಳನ್ನು ಭಾರಿ ಮಳೆಯ ಹುಲಿಕಲ್ ಕಡೆಯಲ್ಲೂ ಕಾಣಬಹುದು. ಅವು ಯಾವ ಹೆಂಚು ಹಾಕಿದರೂ ಸೋರುತ್ತವೆ. ಗಾಳಿ ಒತ್ತಿದಾಗ ನೀರು ಸಂದಿನಲ್ಲಿ ಮೇಲಕ್ಕೇರುವುದನ್ನು ತಡೆಯುವುದು ಇಳಿಜಾರು ಮಾತ್ರ.

ಈಗ ಹೆಂಚು. ಇಳಿಸಿದ ಹೆಂಚನ್ನು ಎರಡು ಬೆರಳಲ್ಲಿ ತೂಗಿಹಿಡಿದು ಗಿಣ್ಣಿನಿಂದ ತಟ್ಟಿ. ಠಣ್ ಎಂದರೆ ಇಟ್ಟುಕೊಳ್ಳಿ, ಮಡಕೆ ಒಡಕಿನ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ. ಸಂಶಯ ಬಂದರೆ ತೂಕ ಮಾಡಿ: ಒಣಗಿದಾಗ ಎರಡೂವರೆ ಕಿಲೋ ಇದ್ದದ್ದು ಒಂದು ಇಡೀ ದಿನ ನೀರಲ್ಲಿ ಮುಳುಗಿಸಿಟ್ಟ ಮೇಲೆ ಮೂರು ಕಿಲೋ ದಾಟಿದರೆ ಅದು ಕುಡಿಯುವ ಹೆಂಚು, ಕೊಟ್ಟಿಗೆಗೂ ಬೇಡ. ಹೊಸ ಹೆಂಚು ಕೊಳ್ಳುವಾಗಲೂ ಹತ್ತನ್ನು ಆರಿಸಿ ಇದೇ ಪರೀಕ್ಷೆ ಮಾಡಿ. ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪು ಕಾವಿ ಬಳಿದು ತಂದ ಹಸಿ ಹೆಂಚು ಎಷ್ಟೋ ಇವೆ.

ಒಡೆದವುಗಳ ಜಾಗಕ್ಕೆ ಅದೇ ಮುದ್ರೆಯ ಹೆಂಚೇ ಬೇಕು. ಬೇರೆ ಅಚ್ಚಿನದು ಪಕ್ಕದ ತೋಡಿನಲ್ಲಿ ಕೂರುವುದಿಲ್ಲ. ಗಾಜಿನ ಹೆಂಚಿನ ಸುತ್ತ ಯಾವಾಗಲೂ ಸೋರುವುದರ ಗುಟ್ಟೂ ಇದೇ. ಹೆಂಚಿನ ಬೆನ್ನಿನ ಮುದ್ರೆಯ ಫೋಟೋ ತೆಗೆದುಕೊಂಡು ಹಳೆಯ ಮನೆ ಕೆಡಹುವಲ್ಲಿ ಹುಡುಕಿ. ಸಿಗಲೇ ಇಲ್ಲವೆಂದರೆ ಒಂದು ಉಪಾಯವಿದೆ: ಉಳಿದ ಒಳ್ಳೆಯ ಹಳೆಯ ಹೆಂಚನ್ನೆಲ್ಲ ಒಟ್ಟುಮಾಡಿ ಮಳೆ ಹೊಡೆಯುವ ಪಡುವಣ ಇಳಿಜಾರಿಗೆ ಹಾಕಿ, ಇನ್ನೊಂದು ಇಳಿಜಾರಿಗೆ ಪೂರ್ತಿ ಹೊಸದು ಹಾಕಿ, ಅದಕ್ಕೆ ಬೇಕಾದಂತೆ ರೀಪು ಹೊಡೆಸಿ. ಒಂದೇ ಇಳಿಜಾರಿನಲ್ಲಿ ಎರಡು ಅಚ್ಚು ಬೆರೆಸಬಾರದು. ಕೆಲಸ ಮುಗಿದ ಮೇಲೆ ಸಾವಿರಕ್ಕೆ ಐವತ್ತರಂತೆ ಹೆಚ್ಚಿನ ಹೆಂಚು ಅಂಗಳದ ಮೂಲೆಯಲ್ಲಿ ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ. ಮಂಗಗಳಿರುವ ಊರಿಗೆ ಐವತ್ತು ಸಾಲದು, ನೂರು ಬೇಕು.

ಹೆಂಚು ಇಳಿಸುವ ಕ್ರಮದಲ್ಲೂ ಅಪಾಯವಿದೆ. ಒಂದು ಇಳಿಜಾರನ್ನು ಪೂರ್ತಿ ಬೋಳು ಮಾಡಿ ಇನ್ನೊಂದರ ಭಾರ ಹಾಗೇ ಬಿಟ್ಟರೆ ನೆತ್ತಿಯ ತೊಲೆ ಭಾರವಿಲ್ಲದ ಕಡೆಗೆ ವಾಲುತ್ತದೆ, ಮಣ್ಣಿನ ಗೋಡೆಯ ತಲೆ ಜರುಗುತ್ತದೆ. ಆರೇಳು ಅಡಿ ಅಗಲದ ಪಟ್ಟಿಯನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಿ, ರೀಪು ಬದಲಿಸಿ, ಎರಡೂ ಕಡೆ ಹೊದಿಸಿ ಮುಂದಕ್ಕೆ ಹೋಗಬೇಕು. ಸಂಜೆಗೆ ಬಿಚ್ಚಿದ್ದೆಲ್ಲ ಮುಚ್ಚಿರಬೇಕು. ಪಾಚಿ ಕಟ್ಟಿದ ಹೆಂಚಿನ ಮೇಲೆ ಬರಿಗಾಲಲ್ಲಿ ನಡೆಯುವುದು ಧೈರ್ಯವಲ್ಲ. ನೆತ್ತಿಗೆ ಕೊಕ್ಕೆ ಹಾಕುವ ಬಿದಿರೇಣಿ ಹಾಕಿಕೊಳ್ಳಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಹಳೆಯ ಬೀದಿಗಳಲ್ಲಿ ಕಂಬದ ಸರ್ವಿಸ್ ವೈರು ಮಾಡಿನ ಮೇಲೇ ಹಾದಿರುತ್ತದೆ. ಮೆಸ್ಕಾಂಗೆ ಅರ್ಜಿ ಕೊಟ್ಟು ಲೈನು ಬಿಚ್ಚಿಸಿಕೊಂಡೇ ಏಣಿ ಎತ್ತಿ.

ಪಾಚಿಯನ್ನು ಹುಡುಗಾಟವೆಂದು ಬಿಡಬೇಡಿ. ಅದು ಹೆಂಚಿನ ಪಕ್ಕದ ತೋಡನ್ನು ತುಂಬಿದರೆ ನೀರು ಹರಿಯದೆ ಬತ್ತಿಯಂತೆ ಹೀರಿಕೊಂಡು ಒಳಗೆ ದಾಟುತ್ತದೆ. ಜನವರಿ ಬಿಸಿಲಿಗೆ ಒಣಗಿದ ಮೇಲೆ ತೆಂಗಿನನಾರಿನ ಬ್ರಷ್ಷಿನಲ್ಲಿ ಉಜ್ಜಿದರೆ ಉದುರುತ್ತದೆ. ವಾಹನ ತೊಳೆಯುವ ಪ್ರೆಷರ್ ಪಂಪು ಬೇಡ. ಹೆಂಚಿನ ಮೇಲ್ಪದರವನ್ನೇ ಕಿತ್ತುಹಾಕುತ್ತದೆ. ಬಣ್ಣ ಹೊಡೆಸಿದರೆ ಸೋರುವುದಿಲ್ಲ ಎನ್ನುವುದೂ ಸುಳ್ಳು. ಬಣ್ಣ ಮೇಲ್ಮೈ ಮುಚ್ಚುತ್ತದೆ, ಕೆಳಗಿನಿಂದ ಮತ್ತು ಸಂದಿನಿಂದ ಹೀರಿದ ತೇವ ಹೊರಹೋಗದೆ ಬಣ್ಣದ ಜೊತೆ ಹೆಂಚಿನ ಚಕ್ಕೆಯನ್ನೂ ಎಬ್ಬಿಸುತ್ತದೆ.

ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಈಗ ಮನೆಮನೆಯ ಔಷಧವಾಗಿದೆ. ಪಕಾಸಿಯ ಮೇಲೆ ಅದನ್ನು ಹಾಸಿ, ಅದರ ಮೇಲೇ ರೀಪು ಹೊಡೆದು ಹೆಂಚು ಹೊದಿಸುತ್ತಾರೆ. ಮೊದಲ ವರ್ಷ ಹನಿ ಬೀಳುವುದಿಲ್ಲ, ಸಂತೋಷ. ಆದರೆ ಹೆಂಚಿನಡಿ ಬಂದ ನೀರು ಪ್ರತಿ ರೀಪಿನ ಬೆನ್ನಿಗೆ ಕಟ್ಟೆ ಕಟ್ಟಿದಂತೆ ನಿಲ್ಲುತ್ತದೆ, ಮೊಳೆಯ ತೂತಿನಲ್ಲಿ ಇಳಿಯುತ್ತದೆ, ರೀಪು ನಾಲ್ಕೈದು ಮಳೆಗಾಲದಲ್ಲಿ ಹುಡಿಯಾಗುತ್ತದೆ. ಹಾಸಲೇಬೇಕೆಂದಿದ್ದರೆ ಹಾಳೆಯ ಮೇಲೆ, ಪ್ರತಿ ಪಕಾಸಿಯ ನೇರಕ್ಕೆ, ನೆತ್ತಿಯಿಂದ ಸೂರಿಗೆ ಒಂದಿಂಚು ದಪ್ಪದ ಉದ್ದಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು ಹೊಡೆಯಬೇಕು. ಆಗ ರೀಪಿನಡಿ ಒಂದಿಂಚು ಬಯಲು ಸಿಗುತ್ತದೆ, ನೀರೂ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಹಾಳೆಯ ಕೆಳತುದಿ ಗೋಡೆಯ ಒಳಗೆ ನಿಲ್ಲದೆ ಸೂರಿನಿಂದ ಹೊರಗೆ ಬಂದಿರಬೇಕು. ಖರ್ಚು ಹೆಚ್ಚಿಲ್ಲ, ಪಟ್ಟಿಯದ್ದು ಮಾತ್ರ.

ನೆತ್ತಿಗೆ ಬರೀ ಸಿಮೆಂಟು ಗಾರೆ ಹಾಕಿದರೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತದೆ. ಮರ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಗಾರೆ ಹಾಗಲ್ಲ. ಒಂದು ಪಾಲು ಸಿಮೆಂಟು, ಒಂದು ಪಾಲು ಅರಳಿದ ಸುಣ್ಣ, ಆರು ಪಾಲು ಮರಳು, ಜೊತೆಗೆ ಬೆರಳುದ್ದ ಕತ್ತರಿಸಿದ ತೆಂಗಿನ ನಾರು ಒಂದಿಷ್ಟು. ರಿಡ್ಜ್ ಹೆಂಚನ್ನೂ ಅದರಡಿಯ ಸಾಲನ್ನೂ ನೀರು ಕುಡಿಸಿ, ಎರಡು ಅಂಚಿಗೆ ಮಾತ್ರ ಗಾರೆ ಇಡಿ, ನಡುವೆ ಖಾಲಿ ಬಿಡಿ. ಹೊಟ್ಟೆ ತುಂಬ ಗಾರೆ ತುಂಬಿದರೆ ಭಾರ ಹೆಚ್ಚುತ್ತದೆ, ನೀರು ಹೀರಿ ನೆತ್ತಿಯ ತೊಲೆಯನ್ನು ವರ್ಷವಿಡೀ ಒದ್ದೆಯಾಗಿಡುತ್ತದೆ. ಗಾರೆ ಹೆಂಚಿನ ಅಂಚಿನಿಂದ ಅರ್ಧ ಇಂಚು ಒಳಗಿರಲಿ. ಹೊರಗೆ ಚಾಚಿ ನುಣ್ಣಗೆ ಉಜ್ಜಿದ ಗಾರೆ ನೋಡಲು ಚೆಂದ, ಆದರೆ ಅದರ ಬಿರುಕೇ ನೀರಿಗೆ ಬಾಗಿಲು.

ಒಳಮೂಲೆಯ ದೋಣಿಗೆ (ನೀರು ಹರಿಯುವ ಕಾಲುವೆಗೆ) ತೆಳು ತಗಡು ಹಾಕಿ ಉಳಿಸುವ ದುಡ್ಡು ಎಲ್ಲಕ್ಕಿಂತ ದುಬಾರಿ. 22 ಗೇಜಿನ ಜಿಐ (ಸತು ಲೇಪದ ಕಬ್ಬಿಣ), ಇಲ್ಲವೇ 0.8 ಮಿ.ಮೀ. ಅಲ್ಯೂಮಿನಿಯಂ ಕನಿಷ್ಠ. ನಡುವೆ ಆರು ಇಂಚು ತೆರೆದಿರಬೇಕು, ಎರಡೂ ಪಕ್ಕ ಹೆಂಚಿನಡಿ ಒಂಬತ್ತೊಂಬತ್ತು ಇಂಚು ಹೋಗಬೇಕು, ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಿಸಿರಬೇಕು. ಆ ಮಡಿಕೆ ಇಲ್ಲದ ತಗಡಿನಲ್ಲಿ ಪುಷ್ಯ ಮಳೆಯ ರಭಸಕ್ಕೆ ನೀರು ಪಕ್ಕಕ್ಕೆ ಉಕ್ಕುತ್ತದೆ. ತುಂಡು ಜೋಡಿಸುವಲ್ಲಿ ಮೇಲಿನದು ಕೆಳಗಿನದರ ಮೇಲೆ ಎಂಟು ಇಂಚು. ಕತ್ತರಿಸಿದ ಹೆಂಚಿನ ತುಂಡುಗಳನ್ನು ತಂತಿಯಲ್ಲಿ ಕಟ್ಟಬೇಕು, ಗಾರೆಯಲ್ಲಿ ಕೂರಿಸಬಾರದು. ದೋಣಿಗೆ ಬಿದ್ದ ಗಾರೆ ಎಲೆ, ಅಡಿಕೆ ಸೋಗೆಯ ಚೂರು ತಡೆದು ಕಟ್ಟೆಯಾಗುತ್ತದೆ, ಸಾಲದ್ದಕ್ಕೆ ಹಸಿ ಸಿಮೆಂಟು ಅಲ್ಯೂಮಿನಿಯಂ ತಿನ್ನುತ್ತದೆ.

ಪಟ್ಟಣದ ಹಳೆಯ ಬೀದಿಗಳಿಗೆ ಮಾತ್ರ ಇರುವ ಇನ್ನೊಂದು ಕಷ್ಟ ನೆರೆಯವರ ಗೋಡೆ. ಒಂದೇ ಎತ್ತರದ ಹೆಂಚಿನ ಮನೆಗಳ ಸಾಲಿನಲ್ಲಿ ನಡುವೆ ಒಂದು ಕೆಡವಿ ಮೂರಂತಸ್ತಿನ ಕಟ್ಟಡ ಏಳುತ್ತದೆ. ಪಕ್ಕದ ಮಾಡಿನ ಮೇಲೆ ಮೂವತ್ತಡಿ ಎತ್ತರದ, ಎಷ್ಟೋ ಸಲ ಗಿಲಾವೇ ಇಲ್ಲದ ಗೋಡೆ. ಆ ಗೋಡೆಗೆ ಬಡಿದ ಮಳೆಯೆಲ್ಲ ಹೆಂಚಿನ ಸಂದಿಗೆ ಇಳಿಯುತ್ತದೆ. ಎಲ್ಲರೂ ಮಾಡುವುದು ಆ ಸಂದಿಗೆ ಸಿಮೆಂಟಿನ ದಿಂಡು ಕಟ್ಟುವುದು. ಎರಡು ಕಟ್ಟಡಗಳು ಬೇರೆಬೇರೆಯಾಗಿ ಅಲುಗುವುದರಿಂದ ದಿಂಡು ನಿಲ್ಲುವುದೇ ಇಲ್ಲ. ಮಾಡಬೇಕಾದದ್ದು ಹೀಗೆ: ಮಾಡಿನ ಪಕ್ಕ ಗೋಡೆಗೆ ತಾಗಿದ್ದರೆ, ಹೆಂಚಿನಡಿ ಆರು ಇಂಚು ಹೋಗಿ ಅಂಚು ಮಡಿಸಿ, ಗೋಡೆಯ ಮೇಲೆ ಆರು ಇಂಚು ಏರುವ ಎಲ್ ಆಕಾರದ ತಗಡು. ಅದರ ಮೇಲ್ತುದಿಯ ಮೇಲೆ ನೆರೆಗೋಡೆಯಲ್ಲಿ ಒಂದಿಂಚು ಆಳದ ಗೀರು ಕೊರೆದು, ಅದರೊಳಗೆ ಸಿಕ್ಕಿಸಿದ ಎರಡನೆಯ ತಗಡು ಮೊದಲನೆಯದರ ಮೇಲೆ ಮೂರು ಇಂಚು ಇಳಿಬಿದ್ದಿರಬೇಕು. ಎರಡನ್ನೂ ಒಂದಕ್ಕೊಂದು ಬೆಸೆಯಬಾರದು. ಗೀರನ್ನು ಪಿಯು (ಪಾಲಿಯುರೆಥೇನ್) ಸೀಲಂಟ್‌ನಿಂದ ತುಂಬಿ. ಮಾಡಿನ ಸೂರೇ ಆ ಗೋಡೆಗೆ ಮುಖಮಾಡಿ ಇಳಿದಿದ್ದರೆ ನಡುವೆ ತೆರೆದ ದೋಣಿ ಬೇಕು, ಅದರ ಅಗಲ ಮನುಷ್ಯನ ಪಾದ ಇಡುವಷ್ಟು, ಅಂದರೆ ಹತ್ತು ಹನ್ನೆರಡು ಇಂಚು. ನಾಲ್ಕು ಇಂಚಿನ ದೋಣಿಯನ್ನು ಯಾರೂ ಗುಡಿಸಲಾರರು. ಇಷ್ಟಕ್ಕೆಲ್ಲ ನೆರೆಯವರ ಒಪ್ಪಿಗೆ ಬೇಕಾಗುವುದರಿಂದ, ಅವರ ಗೋಡೆ ಏಳುತ್ತಿರುವಾಗಲೇ ಮಾತಾಡಿ ಗಿಲಾವು, ಗೀರು ಎರಡನ್ನೂ ಮಾಡಿಸಿಕೊಳ್ಳುವುದು ಲೇಸು. ಸಾರುವೆ ಬಿಚ್ಚಿದ ಮೇಲೆ ಯಾರೂ ಮತ್ತೆ ಕಟ್ಟುವುದಿಲ್ಲ.

ಶೀಟು ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಪಕಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಕೊಟ್ಟಿಗೆ, ಸೌದೆಮನೆ, ಅಡಿಕೆ ಬೇಯಿಸುವ ಚಪ್ಪರಕ್ಕೆ ಶೀಟೇ ಸರಿ. ಆದರೆ ಹಳೆಯ ಮನೆಯ ಮೇಲೆ ಹಾಕುವಾಗ ಒಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಹಳೆಯ ಮಾಡು ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆಯ ಮೇಲೆ ಕೂತಿರುವುದು ಹೆಂಚಿನ ತೂಕದಿಂದ. ಚದರಡಿ ನೂರಕ್ಕೆ 375 ಕಿಲೋ ಇದ್ದದ್ದು ಶೀಟು ಹಾಕಿದಾಗ ಐವತ್ತು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಮೇ ತಿಂಗಳ ಗುಡುಗುಗಾಳಿ ಸೂರಿನಡಿ ನುಗ್ಗಿದಾಗ ಶೀಟು ಮಾತ್ರವಲ್ಲ, ಪಕಾಸಿಯ ಸಮೇತ ಹಾರುತ್ತದೆ. ಶೀಟು ಹಾಕುವುದಾದರೆ ಪ್ರತಿ ಪಕಾಸಿಯನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ, ಗೋಡೆಯೊಳಗೆ ಎರಡು ಮೂರು ಅಡಿ ಇಳಿಯುವಂತೆ, ಕಟ್ಟಲೇಬೇಕು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಬೇಕು, ತಗ್ಗಿನಲ್ಲಲ್ಲ. ನೀರು ಹರಿಯುವುದು ತಗ್ಗಿನಲ್ಲಿ. ಗಿಡ್ಡ ಸ್ಕ್ರೂ ಅಗ್ಗವೆಂದು ತಗ್ಗಿನಲ್ಲಿ ಹೊಡೆದುಹೋದರೆ ಇಪಿಡಿಎಂ ರಬ್ಬರ್ ವಾಷರ್ ಒಣಗಿದ ವರ್ಷವೇ ಸೋರಿಕೆ ಶುರು. ಗ್ರೈಂಡರ್‌ನಲ್ಲಿ ಕತ್ತರಿಸಿದರೆ ಅಂಚಿನ ಲೇಪ ಸುಟ್ಟು ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ, ಕತ್ತರಿ ಬಳಸಲು ಹೇಳಿ. ಡ್ರಿಲ್ ಮಾಡಿದ ಕಬ್ಬಿಣದ ಪುಡಿಯನ್ನು ಅದೇ ಸಂಜೆ ಗುಡಿಸಿಬಿಡಿ.

ಹೆಂಚನ್ನು ಹಾಗೇ ಬಿಟ್ಟು ಮೇಲೊಂದು ಶೀಟಿನ ಮಾಡು ಕಟ್ಟುವುದು ಈಗ ಊರೂರಿಗೂ ಹಬ್ಬಿದೆ. ಅದರ ಕಂಬಗಳು ಹಳೆಯ ಗೋಡೆಯ ಮೇಲೆ ಕೂರಬಾರದು, ಹೊರಗೆ ಸ್ವಂತ ಅಡಿಪಾಯದಲ್ಲಿ ನಿಲ್ಲಬೇಕು. ಎರಡು ಮಾಡಿನ ನಡುವೆ ಸೂರಿನಲ್ಲೂ ಕನಿಷ್ಠ ಎರಡಡಿ ಇರಬೇಕು. ಇಲ್ಲದಿದ್ದರೆ ಕೆಳಗಿನ ಮಾಡು ಮತ್ತೆಂದೂ ದುರಸ್ತಿ ಕಾಣುವುದಿಲ್ಲ.

ಹಿತ್ತಿಲ ಕಡೆಯ ಹಳೆಯ ಸಿಮೆಂಟ್ ಶೀಟುಗಳನ್ನು ಇಳಿಸುವವರಿಗೆ ಒಂದು ಎಚ್ಚರಿಕೆ: ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆಯಬೇಡಿ, ಗ್ರೈಂಡರ್ ಹಾಕಬೇಡಿ, ಒಣಗಿದ್ದಾಗ ಉಜ್ಜಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಹುಕ್ಕು ಕತ್ತರಿಸಿ, ಇಡೀ ಶೀಟಾಗಿ ಇಳಿಸಿ, ಪಿ-100 ದರ್ಜೆಯ ಮಾಸ್ಕ್ ಹಾಕಿಕೊಳ್ಳಿ, ಎನ್-95 ಸಾಲದು. ಆ ಧೂಳು ಶ್ವಾಸಕೋಶ ಸೇರಿದರೆ ರೋಗ ಕಾಣಿಸುವುದು ದಶಕಗಳ ನಂತರ.

ಒಂದು ಲೆಕ್ಕ ಕೊಡುತ್ತೇವೆ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮನೆ, ಸೂರು ಎರಡೂ ಕಡೆ ಎರಡೆರಡು ಅಡಿ, ತುದಿಗಳಲ್ಲಿ ಒಂದೊಂದು ಅಡಿ, ಇಳಿಜಾರು ಹತ್ತಕ್ಕೆ ಏಳು. ಪ್ರತಿ ಇಳಿಜಾರು ಸುಮಾರು ಹದಿನಾಲ್ಕೂಮುಕ್ಕಾಲು ಅಡಿ; ಒಟ್ಟು ಮಾಡು 940 ಚದರಡಿ. ನೂರು ಚದರಡಿಗೆ 150ರಂತೆ 1410 ಹೆಂಚು, ಐದು ಪರ್ಸೆಂಟ್ ಹೆಚ್ಚಿಗೆ ಸೇರಿಸಿ 1480. ನೆತ್ತಿಗೆ ರಿಡ್ಜ್ ಹೆಂಚು ಒಂದೊಂದು 14 ಇಂಚು ಮುಚ್ಚುತ್ತದೆಂದರೆ 28, ಒಡೆಯುವುದಕ್ಕೆ ಎರಡು ಸೇರಿ 30. ರೀಪು ಇಳಿಜಾರಿಗೆ 15 ಸಾಲಿನಂತೆ 960 ಅಡಿ, ಕತ್ತರಿಸಿ ಹಾಳಾಗುವುದು ಸೇರಿ 1050 ಅಡಿ. ಎರಡಿಂಚು ಒಂದಿಂಚಿನ ರೀಪಾದರೆ ಹತ್ತಿರಹತ್ತಿರ 15 ಘನ ಅಡಿ ಮರ. ಪಕಾಸಿ ಎರಡಡಿಗೊಂದರಂತೆ ಇದ್ದರೆ ಎರಡೂವರೆ ಇಂಚಿನ ಮೊಳೆ 510, ಮೂರು ಕಿಲೋ ತಂದರೆ ಸಾಕು, ಜಿಂಕ್ ಲೇಪದ್ದೇ ಇರಲಿ. ಹೆಂಚಿನ ಒಟ್ಟು ತೂಕ ಮೂರೂವರೆ ಟನ್, ನೆನೆದಾಗ ಇನ್ನೂ ಅರ್ಧ ಟನ್. ಹಳೆಯ ಹೆಂಚಿನಲ್ಲಿ ನೂರಕ್ಕೆ ಎಂಬತ್ತೈದು ಪಾಸಾದರೆ ನೀವು ಹೊಸದಾಗಿ ಕೊಳ್ಳಬೇಕಾದದ್ದು ಸುಮಾರು 280 ಮಾತ್ರ. ಶೀಟಿನ ಅಂದಾಜುಪಟ್ಟಿ ಕೈಗೆ ಬಂದಾಗ ಪಕ್ಕದಲ್ಲಿ ಈ ಲೆಕ್ಕವನ್ನೂ ಬರೆದು ಹೋಲಿಸಿ.

ಸೂರಿನ ಎರಡು ಸಾಲು ಮತ್ತು ನೆತ್ತಿಯ ಪಕ್ಕದ ಸಾಲಿನ ಪ್ರತಿ ಹೆಂಚನ್ನೂ ಬೆನ್ನಿನ ಕಿವಿಯ ತೂತಿನಿಂದ ರೀಪಿಗೆ 18 ಗೇಜಿನ ಜಿಐ ತಂತಿಯಲ್ಲಿ ಕಟ್ಟಿ. ಮಂಗನ ಕಾಟವಿದ್ದರೆ ಉಳಿದ ಸಾಲುಗಳಲ್ಲೂ ಒಂದು ಬಿಟ್ಟು ಒಂದು. ತಂತಿಯನ್ನು ಒಳಗಿನಿಂದ ಒಂದೇ ತಿರುವು ಹಾಕಿ, ನಾಳೆ ಬಿಚ್ಚಲು ಬರಬೇಕು.

ಕೊನೆಯದಾಗಿ ಸಮಯ ಮತ್ತು ಕೆಲಸಗಾರರ ವಿಷಯ. ಅಡಿಕೆ ಕೊಯ್ಲು ಮುಗಿಯುವ ತನಕ ಆಳು ಸಿಗುವುದಿಲ್ಲ, ಭರಣಿ ಮಳೆ ಬಿದ್ದ ಮೇಲೆ ಹೆಂಚು ಇಳಿಸುವುದು ಜೂಜು. ನಡುವೆ ಸಿಗುವುದು ಫೆಬ್ರುವರಿಯಿಂದ ಏಪ್ರಿಲ್ ನಡುವಿನ ಎಂಟು ಹತ್ತು ವಾರ. ಅಷ್ಟರಲ್ಲಿ ಇಡೀ ತಾಲ್ಲೂಕಿನ ಹೆಂಚು ಕೈಯಾಡಿಸಬಲ್ಲ ಮೇಸ್ತ್ರಿಗಳು ಈಗ ಊರಿಗೆ ಒಬ್ಬಿಬ್ಬರು, ಅವರೂ ವಯಸ್ಸಾದವರು. ಜಿಲ್ಲೆಯ ನಿರ್ಮಿತಿ ಕೇಂದ್ರ ಮತ್ತು ಐಟಿಐಗಳು ಈ ಮೇಸ್ತ್ರಿಗಳನ್ನೇ ಗುರುಗಳಾಗಿ ಕರೆದು, ಪ್ರತಿ ಜನವರಿಯಲ್ಲಿ ಮೂರು ವಾರದ ತರಬೇತಿ ನಡೆಸಬೇಕು. ಒಂದು ಹಳೆಯ ಸರ್ಕಾರಿ ಶಾಲೆಯ ಮಾಡನ್ನೇ ಪಾಠವಾಗಿ ಬಿಚ್ಚಿ ಹೊದಿಸಿದರೆ ಶಾಲೆಯ ದುರಸ್ತಿಯೂ ಆಗುತ್ತದೆ. ಮಹಾನಗರ ಪಾಲಿಕೆಯವರು ಮನೆ ಕೆಡಹಲು ಅನುಮತಿ ಕೊಡುವಾಗ ಹೆಂಚನ್ನು ಇಡಿಯಾಗಿ ಇಳಿಸಿ ಒಂದು ನಿಗದಿತ ಜಾಗಕ್ಕೆ ತಲುಪಿಸುವ ಷರತ್ತು ಹಾಕಬೇಕು. ಅಲ್ಲಿ ಮುದ್ರೆವಾರು ಜೋಡಿಸಿಟ್ಟರೆ, ಇಪ್ಪತ್ತು ಹೆಂಚಿಗಾಗಿ ಊರೆಲ್ಲ ಅಲೆದು, ಸಿಗದೆ, ಇಡೀ ಮಾಡನ್ನೇ ಇಳಿಸುವವರಿಗೆ ಆ ಇಪ್ಪತ್ತು ಹೆಂಚು ಸಿಗುತ್ತದೆ. ಜಾಗ ಗೊತ್ತುಮಾಡಲು ದೊಡ್ಡ ಖರ್ಚೇನೂ ಬೇಡ, ಮಳೆ ನೀರು ನಿಲ್ಲದ ಹತ್ತು ಗುಂಟೆ ಸಾಕು. ಬರುವ ದೀಪಾವಳಿಯ ಒಳಗೆ ಇದು ತೀರ್ಮಾನವಾದರೆ ಮುಂದಿನ ಬೇಸಿಗೆಯ ಕೆಲಸಕ್ಕೆ ಒದಗುತ್ತದೆ.

ಇಂತಿ,
ಹೆಂಚಿನ ಮಾಡಿನ ಕೆಲಸ ಬಲ್ಲ ಕೆಲವರು
ಶಿವಮೊಗ್ಗ